ಹಳೆ ಕಂಪ್ಯೂಟರಿಗೆ ತಾರೀಖಿನ ಪರೀಕ್ಷೆ: ವಿಮಾನದವರ ಕ್ರಮದಲ್ಲಿ, ಹಂತ ಹಂತವಾಗಿ

ದಾವಣಗೆರೆ, ಚಿತ್ರದುರ್ಗದ ಕಡೆ ಮಂಡಿ, ರೈಸ್ ಮಿಲ್, ಸೊಸೈಟಿ, ನರ್ಸಿಂಗ್ ಹೋಮ್‌ಗಳ ಸಿಸ್ಟಮ್ ನೋಡಿಕೊಳ್ಳುವವರಿಂದ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು: "2038ಕ್ಕೆ ಡೇಟ್ ಇಟ್ಟು ನೋಡಿದೆ ಸಾರ್, ಏನೂ ಆಗಲಿಲ್ಲ. ನಮ್ದು ಸರಿ ಇದೆ." ಇನ್ನೊಂದು: "ಡೇಟ್ ಇಟ್ಟಿದ್ದೇ ತಡ, ಲೈಸೆನ್ಸ್ ಹೋಯ್ತು, ಬಿಲ್ ನಂಬರ್ ಕೆಟ್ಟೋಯ್ತು. ಈಗ ವಾಪಸ್ ತಂದರೂ ಸರಿ ಆಗ್ತಿಲ್ಲ."

ಹಳೆ ಸಾಫ್ಟ್‌ವೇರ್‌ಗಳಲ್ಲಿ ತಾರೀಖಿನ ಲೆಕ್ಕ 2038ರಲ್ಲಿ ಕೆಡಬಹುದು ಅನ್ನುವ ಹೆದರಿಕೆಗೆ (ಯಾಕೆ ಅಂತ ಎರಡನೇ ಹಂತದಲ್ಲಿದೆ) ಇಬ್ಬರೂ ಮಾಡಿದ್ದು ಒಂದೇ ಕೆಲಸ. ದಿನಾ ಓಡುವ ಮೆಷಿನ್ ಮುಂದೆ ಕೂತು ತಾರೀಖು ಬದಲಿಸಿದರು. ಮೊದಲನೆಯವರು ಮಾಡಿದ್ದು ಪರೀಕ್ಷೆಯೇ ಅಲ್ಲ. ಎರಡನೆಯವರು ಬರಬಹುದಾದ ತೊಂದರೆಯನ್ನು ಹನ್ನೆರಡು ವರ್ಷ ಮುಂಚೆ ತಾವೇ ಕರೆತಂದರು.

ಕೆಳಗಿನ ಕ್ರಮವನ್ನು ವಿಮಾನಯಾನದ ಅಭ್ಯಾಸಗಳಿಂದ ತೆಗೆದುಕೊಂಡಿದ್ದೇನೆ. ಅಲ್ಲೂ ಹಳೆ ಕಂಪ್ಯೂಟರುಗಳಿವೆ, ಅಲ್ಲೂ ಗಡಿಯಾರದ ಲೆಕ್ಕ ತಪ್ಪಿದೆ. ತಪ್ಪಿದಾಗ ಕಾರಣ ಏನು, ಮುಂದೆ ಏನು ಮಾಡಬೇಕು ಅಂತ ಅವರು ಬರೆದಿಡುತ್ತಾರೆ. ನಮ್ಮಲ್ಲಿ ಸ್ವಿಚ್ ಆಫ್ ಮಾಡಿ ಆನ್ ಮಾಡಿ ಮರೆತುಬಿಡುತ್ತೇವೆ, ಅಷ್ಟೇ ವ್ಯತ್ಯಾಸ.

ಶುರು ಮಾಡುವ ಮುಂಚೆ ಒಂದು ಮಾತು. ಮೆಕ್ಕೆಜೋಳದ ಲಾರಿಗಳು ಎಪಿಎಂಸಿ ಮುಂದೆ ಸಾಲು ನಿಲ್ಲುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮಾರ್ಚ್ ಕೊನೆಯೂ ಬೇಡ. ಜೂನ್, ಜುಲೈ ಒಳ್ಳೇದು. ಬಿತ್ತನೆ ಸಮಯದಲ್ಲಿ ಮಂಡಿ ಸ್ವಲ್ಪ ಖಾಲಿ ಇರುತ್ತದೆ, ಮಾಲೀಕರಿಗೂ ಮಾತಾಡುವ ತಾಳ್ಮೆ ಇರುತ್ತದೆ.

## ಬೇಕಾಗುವ ಸಾಮಾನು

ಒಂದು ದಪ್ಪ ನೋಟ್‌ಬುಕ್. ಅಸಲಿ ಡಿಸ್ಕಿಗಿಂತ ದೊಡ್ಡದಾದ ಎರಡು ಹಾರ್ಡ್ ಡಿಸ್ಕ್: ಒಂದು ನಕಲಿಗೆ, ಒಂದು ಬ್ಯಾಕಪ್ಪಿಗೆ. ಸಾಟಾ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್. ತೀರಾ ಹಳೆ ಮೆಷಿನ್ ಆದರೆ ಐಡಿಇಗೂ ಬರುವ ಕೇಬಲ್ ಬೇಕು. ಕ್ಲೋನ್‌ಝಿಲ್ಲಾ (ಡಿಸ್ಕಿನ ನಕಲು ತೆಗೆಯುವ ಸಾಫ್ಟ್‌ವೇರ್) ಹಾಕಿದ ಪೆನ್‌ಡ್ರೈವ್. ಕಂಪ್ಯೂಟರಿನೊಳಗಿನ ಗಡಿಯಾರ ಓಡಿಸುವ ಸಿಆರ್2032 ಬಟನ್ ಸೆಲ್ ನಾಲ್ಕೈದು. ಮೂಲೆಯಲ್ಲಿ ಬಿದ್ದಿರುವ, ಆದರೆ ಆನ್ ಆಗುವ ಒಂದು ಹಳೆ ಸಿಪಿಯು. ಮೊಬೈಲ್ ಕ್ಯಾಮೆರಾ. ಇಷ್ಟು ಸಾಕು. ದುಬಾರಿ ಸಾಫ್ಟ್‌ವೇರ್ ಯಾವುದೂ ಬೇಡ.

## ಹಂತ 1: ಗಡಿಯಾರ ಇರುವ ಎಲ್ಲದರ ಪಟ್ಟಿ ಮಾಡಿ

ಕಂಪ್ಯೂಟರ್ ಪಟ್ಟಿ ಅಂದ ಕೂಡಲೇ ಟೇಬಲ್ ಮೇಲಿರುವುದನ್ನು ಮಾತ್ರ ಬರೆಯುತ್ತಾರೆ. ಬರೆಯಬೇಕಾದ್ದು ಗಡಿಯಾರ ಇರುವ ಎಲ್ಲವನ್ನೂ. ವೇಬ್ರಿಡ್ಜ್ ಸಿಸ್ಟಮ್, ಹಾಜರಾತಿಯ ಬೆರಳಚ್ಚು ಯಂತ್ರ, ಸಿಸಿಟಿವಿಯ ಡಿವಿಆರ್, ಆಫೀಸಿನ ಒಳಫೋನ್ ನಡೆಸುವ ಇಪಿಎಬಿಎಕ್ಸ್, ಲಾರಿಯ ಜಿಪಿಎಸ್ ಟ್ರ್ಯಾಕರ್, ಲ್ಯಾಬಿನ ರಕ್ತಪರೀಕ್ಷೆ ಯಂತ್ರ, ಇಂಟರ್‌ನೆಟ್ ರೂಟರ್, ಮಿಲ್ಲಿನ ಬಣ್ಣ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರದ ಪರದೆ.

ಪ್ರತಿಯೊಂದಕ್ಕೂ ಐದು ವಿಷಯ ಬರೆಯಿರಿ. ಯಾವ ವಿಂಡೋಸ್ ಅಥವಾ ಯಾವ ಸಾಫ್ಟ್‌ವೇರ್. ಮಾಡಿಕೊಟ್ಟವರು ಈಗಲೂ ಫೋನ್ ತೆಗೆಯುತ್ತಾರಾ. ಸಮಯ ಎಲ್ಲಿಂದ ಬರುತ್ತದೆ: ಒಳಗಿನ ಸೆಲ್ಲಿನಿಂದಲೋ, ಇಂಟರ್‌ನೆಟ್‌ನಿಂದಲೋ, ಜಿಪಿಎಸ್‌ನಿಂದಲೋ. ಕೊನೆಯ ಸಲ ಪೂರ್ತಿ ಆಫ್ ಮಾಡಿದ್ದು ಯಾವಾಗ. ಇದು ನಿಂತರೆ ಯಾವ ಕೆಲಸ ನಿಲ್ಲುತ್ತದೆ.

ನಾಲ್ಕನೇ ಪ್ರಶ್ನೆಯನ್ನು ಹಾರಿಸುವವರೇ ಜಾಸ್ತಿ. ಆರನೇ ಹಂತಕ್ಕೆ ಬಂದಾಗ ಅದೇ ಬೇಕಾಗುತ್ತದೆ. ಕೊನೆಯದಕ್ಕೆ ಉತ್ತರವನ್ನು ಮಾಲೀಕರ ಹತ್ತಿರ ಕೇಳಬೇಡಿ, ಗುಮಾಸ್ತರನ್ನು ಕೇಳಿ.

## ಹಂತ 2: ಯಾವ ಬಗೆಯ ತೊಂದರೆ ಅಂತ ಗುರುತಿಸಿ

ತಾರೀಖಿನ ತೊಂದರೆ ಅಂದರೆ 2038 ಮಾತ್ರ ಅಂದುಕೊಂಡರೆ ಅರ್ಧ ಕೆಲಸ ಬಿಟ್ಟ ಹಾಗೆ. ನಮ್ಮ ಕಡೆ ಸಿಗುವುದು ಐದು ಬಗೆ.

ಎರಡಂಕಿ ವರ್ಷ. ವರ್ಷವನ್ನು 26, 27 ಅಂತ ಹೊಡೆಯುವ ಕಡೆ ಯಂತ್ರವೇ 19 ಅಥವಾ 20 ಸೇರಿಸಿಕೊಳ್ಳುತ್ತದೆ. ಎಕ್ಸೆಲ್ ಬಹಳ ಕಾಲ 29ರವರೆಗೆ 2029 ಅಂತಲೂ, 30 ಆದರೆ 1930 ಅಂತಲೂ ಓದುತ್ತಿತ್ತು. ನಿಮ್ಮಲ್ಲಿರುವುದು ಹೇಗೆ ಓದುತ್ತದೆ ಅಂತ ಈಗಲೇ ನೋಡಬಹುದು. ಖಾಲಿ ಶೀಟಿನಲ್ಲಿ 01-01-30 ಅಂತ ಹೊಡೆದು, ವರ್ಷ ನಾಲ್ಕಂಕಿಯಲ್ಲಿ ಕಾಣುವ ಹಾಗೆ ಮಾಡಿ. 1930 ಬಂದರೆ ನಿಮಗೆ ಉಳಿದಿರುವುದು 2038ರವರೆಗಿನ ಸಮಯವಲ್ಲ, 2030ರವರೆಗಿನದು.

ಸೆಕೆಂಡ್ ಎಣಿಸುವ ಯಂತ್ರ. 1970 ಜನವರಿ 1ರಿಂದ ಸೆಕೆಂಡುಗಳನ್ನು 32 ಬಿಟ್ ಜಾಗದಲ್ಲಿ, ಅಂದರೆ ಒಂದು ಮಿತಿಯವರೆಗಿನ ಅಂಕಿ ಮಾತ್ರ ಹಿಡಿಯುವ ಜಾಗದಲ್ಲಿ, ಎಣಿಸುವ ಸಾಫ್ಟ್‌ವೇರ್‌ಗೆ 2038 ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಜಾಗ ತುಂಬುತ್ತದೆ. ಮುಂದಿನ ಸೆಕೆಂಡಿಗೆ ಅದು 1901ರ ಡಿಸೆಂಬರಿಗೆ ಹಾರುತ್ತದೆ. ಹಳೆ ಡಿವಿಆರ್, ರೂಟರ್, ಬೆರಳಚ್ಚು ಯಂತ್ರಗಳಲ್ಲಿ ಇದನ್ನು ಹುಡುಕಿ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ ಬರೆದ ಬಿಲ್ಲಿಂಗ್ ಇದ್ದರೆ ಟೈಮ್‌ಸ್ಟಾಂಪ್ ಬಗೆಯ ಕಾಲಂಗಳಿಗೂ ಇದೇ ಮಿತಿ ಇದೆ.

ತಾರೀಖನ್ನೇ ಅಂಕಿ ಮಾಡಿಕೊಂಡವರು. ವರ್ಷ, ತಿಂಗಳು, ದಿನ, ಒಂದು ಕ್ರಮಸಂಖ್ಯೆ ಎಲ್ಲ ಒಟ್ಟಿಗೆ ಸೇರಿಸಿ ಒಂದು ದೊಡ್ಡ ಅಂಕಿ. 2022 ಜನವರಿ 1ರಂದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್‌ಗಳಲ್ಲಿ ಮೇಲ್ ಸಿಕ್ಕಿಹಾಕಿಕೊಂಡಿದ್ದು ಇದರಿಂದಲೇ. 2201010001 ಅನ್ನುವ ಅಂಕಿ 32 ಬಿಟ್ ಜಾಗದ 2147483647 ಎಂಬ ಮಿತಿಯನ್ನು ಮೀರಿತು. ಊರಿನಲ್ಲಿ ಬರೆಸಿದ ಬಿಲ್ಲಿಂಗ್ ಪ್ರೋಗ್ರಾಂಗಳಲ್ಲಿ ಸ್ಲಿಪ್ ನಂಬರನ್ನು ಹೀಗೆ ಕಟ್ಟುವುದು ಅಪರೂಪವಲ್ಲ.

ವಾರ ಎಣಿಸುವ ಜಿಪಿಎಸ್. ಜಿಪಿಎಸ್‌ನ ಹಳೆ ಸಂಕೇತ ವಾರಗಳನ್ನು 1024ರವರೆಗೆ ಮಾತ್ರ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1999 ಆಗಸ್ಟ್, 2019 ಏಪ್ರಿಲ್‌ನಲ್ಲಿ ಹೀಗಾಯಿತು. ಮುಂದಿನದು 2038 ನವೆಂಬರ್ 21ರ ಬೆಳಗಿನ ಜಾವ, ನಮ್ಮ ಸಮಯ ಐದೂವರೆ ಸುಮಾರಿಗೆ. 2019ರಲ್ಲಿ ಚೀನಾದ ಕೆಲವು ಬೋಯಿಂಗ್ 787 ವಿಮಾನಗಳು ತಪ್ಪು ತಾರೀಖು ತೋರಿಸಿ ತಡವಾಗಿ ಹೊರಟವು. ಸ್ಪೇಸ್‌ನಲ್ಲಿದ್ದ ಉಪಗ್ರಹಕ್ಕೆ ಏನೂ ಆಗಿರಲಿಲ್ಲ. ಕೆಳಗಿನ ಪೆಟ್ಟಿಗೆಯ ಸಾಫ್ಟ್‌ವೇರ್ ಹಳೆಯದು, ಅಷ್ಟೇ. ಕೆಲವು ಕಂಪನಿಗಳು ಈ ಎಣಿಕೆಯನ್ನು ತಮ್ಮ ಸಾಫ್ಟ್‌ವೇರ್ ಮಾಡಿದ ದಿನದಿಂದ ಶುರು ಮಾಡಿರುತ್ತವೆ. ಅಂಥ ಟ್ರ್ಯಾಕರ್ ಯಾವ ವಾರ ಬೇಕಾದರೂ ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಹೋಗಬಹುದು.

ಆನ್ ಆದಾಗಿನಿಂದ ಎಣಿಸುವುದು. ಇದಕ್ಕೆ ಕ್ಯಾಲೆಂಡರ್ ಬೇಕಾಗಿಲ್ಲ. ಆರನೇ ಹಂತ ಪೂರ್ತಿ ಇದರದ್ದೇ.

## ಹಂತ 3: ಗಡಿಯಾರ ಮುಟ್ಟದೆ ಮಾಡುವ ಪರೀಕ್ಷೆ

ತಾರೀಖು ಬದಲಿಸುವ ಮುಂಚೆಯೇ ಅರ್ಧ ಉತ್ತರ ಸಿಗುತ್ತದೆ. ಯಾಕೆಂದರೆ 2038ರ ತೊಂದರೆ 2038ರವರೆಗೆ ಕಾಯುವುದಿಲ್ಲ. ಮುಂದಿನ ತಾರೀಖನ್ನು ಲೆಕ್ಕ ಹಾಕುವ ಪ್ರೋಗ್ರಾಂ ಇವತ್ತೇ ಎಡವುತ್ತದೆ.

ಸೊಸೈಟಿಯಲ್ಲಿ 15 ವರ್ಷದ ಮನೆ ಸಾಲಕ್ಕೆ ಕಂತಿನ ಪಟ್ಟಿ ತೆಗೆಸಿ. ಸೇವ್ ಮಾಡಬೇಡಿ, ಪ್ರಿಂಟ್ ಪ್ರಿವ್ಯೂ ಸಾಕು. 2037 ಡಿಸೆಂಬರ್ ಕಂತು, 2038 ಜನವರಿ ಕಂತು, ಫೆಬ್ರವರಿ ಕಂತು, ಈ ಮೂರೂ ಸಾಲನ್ನು ಕಣ್ಣಿಟ್ಟು ನೋಡಿ. ಫೆಬ್ರವರಿಗೆ ಬಂದಾಗ ತಾರೀಖು ಖಾಲಿ ಬಂದಿದೆಯಾ? ಬಡ್ಡಿ ಮೈನಸ್ ಆಗಿದೆಯಾ? ಪಟ್ಟಿ ಜನವರಿಗೇ ನಿಂತಿದೆಯಾ? ಮೂರರಲ್ಲಿ ಯಾವುದಾದರೂ ಒಂದು ಆಗಿದ್ದರೆ ಆ ಸಾಫ್ಟ್‌ವೇರ್ ಈಗಾಗಲೇ ತಪ್ಪು ಲೆಕ್ಕ ಕೊಡುತ್ತಿದೆ. ಸಾಲ ತೆಗೆದುಕೊಂಡವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ.

ಹಾಗೆಯೇ ಒಂದು ಡಿಪಾಸಿಟ್‌ಗೆ 2030ರ ಮೆಚ್ಯೂರಿಟಿ ಹಾಕಿ ನೋಡಿ. ಔಷಧಿ ಅಂಗಡಿಯಾದರೆ ಎಕ್ಸ್‌ಪೈರಿ 01/30 ಅಂತ ಹೊಡೆಯಿರಿ. ಇಂಥ ಮಾಲನ್ನು ಸಾಫ್ಟ್‌ವೇರ್ "ಅವಧಿ ಮುಗಿದಿದೆ" ಅಂತ ಬಿಲ್ ಮಾಡಲು ಬಿಡದಿದ್ದರೆ ಎರಡಂಕಿ ತೊಂದರೆ ಖಾತ್ರಿ.

ಚಾಲೂ ಮೆಷಿನ್ ಮೇಲೆ ಮಾಡಬಹುದಾದ್ದು ಇಷ್ಟೇ. ಇನ್ನು ಮುಂದಿನದೆಲ್ಲ ನಕಲಿನ ಮೇಲೆ.

## ಹಂತ 4: ಬ್ಯಾಕಪ್, ಆಮೇಲೆ ನಕಲು

"ದಿನಾ ಪೆನ್‌ಡ್ರೈವಿಗೆ ಬ್ಯಾಕಪ್ ಹೋಗುತ್ತೆ" ಅನ್ನುವುದು ಉತ್ತರವಲ್ಲ. ಬೇರೆ ಮೆಷಿನ್ನಿನಲ್ಲಿ ತೆರೆದು, ನಿನ್ನೆಯ ಕೊನೆಯ ಬಿಲ್ ಕಣ್ಣಾರೆ ಕಂಡರೆ ಮಾತ್ರ ಅದನ್ನು ಬ್ಯಾಕಪ್ ಅನ್ನಿ. ವರ್ಷಗಟ್ಟಲೆ ಖಾಲಿ ಫೋಲ್ಡರನ್ನೇ ಕಾಪಿ ಮಾಡುತ್ತಾ ಬಂದ ಕಡೆಗಳಿವೆ.

ಬ್ಯಾಕಪ್ ಖಾತ್ರಿಯಾದ ಮೇಲೆ ಕ್ಲೋನ್‌ಝಿಲ್ಲಾದಿಂದ ಪೂರ್ತಿ ಡಿಸ್ಕಿನ ನಕಲು ತೆಗೆಯಿರಿ. ಇಲ್ಲಿ ಎಲ್ಲರೂ ಬೆವರುವ ಜಾಗ ಒಂದಿದೆ. ಮೂಲ ಯಾವುದು, ನಕಲು ಯಾವುದು ಅಂತ ಕೇಳಿದಾಗ ಎರಡೂ ಡಿಸ್ಕ್ ಒಂದೇ ಅಳತೆಯವಾದರೆ ಉಲ್ಟಾ ಆಯ್ಕೆ ಮಾಡಿ ಅಸಲಿ ಡಿಸ್ಕೇ ಅಳಿಸಿಹೋಗುತ್ತದೆ. ಅದಕ್ಕೇ ನಕಲಿಗೆ ಬೇರೆ ಅಳತೆಯ, ಬೇರೆ ಕಂಪನಿಯ ಡಿಸ್ಕ್ ತನ್ನಿ. ಒತ್ತುವ ಮುಂಚೆ ಡಿಸ್ಕಿನ ಹೆಸರನ್ನು ಜೋರಾಗಿ ಓದಿ, ಪಕ್ಕದಲ್ಲಿ ಒಬ್ಬರು ನೋಡಿ "ಸರಿ" ಅನ್ನಲಿ. ಕಾಕ್‌ಪಿಟ್‌ನಲ್ಲಿ ಒಬ್ಬರು ಓದಿ ಇನ್ನೊಬ್ಬರು ಉತ್ತರ ಕೊಡುವುದು ಇದೇ ಕಾರಣಕ್ಕೆ. ಸ್ವಲ್ಪ ನಾಚಿಕೆ ಆಗಬಹುದು, ಆಗಲಿ.

ನಕಲು ಡಿಸ್ಕನ್ನು ಹಳೆ ಸಿಪಿಯುಗೆ ಹಾಕಿ. ನೆಟ್‌ವರ್ಕ್ ಕೇಬಲ್ ಕಿತ್ತಿಡಿ, ವೈಫೈ ತೆಗೆಯಿರಿ. ಬಿಟ್ಟರೆ ಅದು ಭವಿಷ್ಯದ ತಾರೀಖಿನ ಮೇಲ್, ಮೆಸೇಜ್, ಇ-ವೇ ಬಿಲ್ ಎಲ್ಲ ಹೊರಗೆ ಕಳಿಸಲು ನೋಡುತ್ತದೆ. ಇಂಟರ್‌ನೆಟ್‌ನಿಂದ ಸಮಯ ತೆಗೆದುಕೊಳ್ಳುವ ಆಯ್ಕೆಯನ್ನೂ ಆಫ್ ಮಾಡಿ. ಮಾನಿಟರ್ ಮೇಲೆ "ಟೆಸ್ಟ್, ಬಿಲ್ ಹಾಕಬೇಡಿ" ಅಂತ ಚೀಟಿ ಅಂಟಿಸಿ.

ಸಿಪಿಯು ಬದಲು ವರ್ಚುವಲ್‌ಬಾಕ್ಸ್‌ನಲ್ಲಿ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್) ಮಾಡುವವರಿಗೆ ಒಂದು ಸೂಚನೆ. ಅದರೊಳಗಿನ ಮೆಷಿನ್ ಪ್ರತಿ ಸಲ ಆನ್ ಆದಾಗ ಹೊರಗಿನ ಕಂಪ್ಯೂಟರಿನ ಸಮಯವನ್ನೇ ತೆಗೆದುಕೊಳ್ಳುತ್ತದೆ. ಗೆಸ್ಟ್ ಅಡಿಷನ್ಸ್ ಅನ್ನುವ ಅದರ ಸಹಾಯಕ ಸಾಫ್ಟ್‌ವೇರ್ ಹಾಕಿದ್ದರೆ ಓಡುತ್ತಿರುವಾಗಲೂ ಸರಿಮಾಡಿಕೊಳ್ಳುತ್ತದೆ. "2038 ಇಟ್ಟೆ, ಏನೂ ಆಗಲಿಲ್ಲ" ಅನ್ನುವವರಲ್ಲಿ ಕೆಲವರ ಕಥೆ ಇದೇ. ರೀಸ್ಟಾರ್ಟ್ ಆದಾಗ ತಾರೀಖು ಸದ್ದಿಲ್ಲದೆ ಇವತ್ತಿಗೆ ಬಂದಿರುತ್ತದೆ.

ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಲೈಸೆನ್ಸ್ ಕೀಲಿ) ಅಥವಾ ಆನ್‌ಲೈನ್ ಲೈಸೆನ್ಸ್ ಇರುವ ಸಾಫ್ಟ್‌ವೇರ್ ನಕಲಿನಲ್ಲಿ ಪೂರ್ತಿ ತೆರೆಯುವುದಿಲ್ಲ. ಟ್ಯಾಲಿ ಎಜುಕೇಷನಲ್ ಮೋಡಿಗೆ ಹೋಗಿ ತಿಂಗಳ ಕೆಲವು ತಾರೀಖಿಗೆ ಮಾತ್ರ ಎಂಟ್ರಿ ಬಿಡುತ್ತದೆ. ಅದು ತಾರೀಖಿನ ದೋಷ ಅಲ್ಲ, ಗಾಬರಿ ಬೇಡ. ಇನ್ನು ಡಾಂಗಲ್ಲನ್ನು ಕಿತ್ತು ಟೆಸ್ಟ್ ಮೆಷಿನ್ನಿಗೆ ಹಾಕಬೇಡಿ. ಕೆಲವು ಡಾಂಗಲ್ ತಾವು ಕಂಡ ಕೊನೆಯ ತಾರೀಖನ್ನು ನೆನಪಿಟ್ಟುಕೊಳ್ಳುತ್ತವೆ.

## ಹಂತ 5: ತಾರೀಖು ದಾಟಿಸಿ

ಮುಖ್ಯ ಹಂತ ಇದು. ಅವಸರ ಬೇಡ.

ಪರೀಕ್ಷಿಸಬೇಕಾದ ತಾರೀಖುಗಳು: 2028 ಫೆಬ್ರವರಿ 28ರಿಂದ 29ಕ್ಕೆ, 29ರಿಂದ ಮಾರ್ಚ್ 1ಕ್ಕೆ. ಮುಂದಿನ ಮಾರ್ಚ್ 31ರಿಂದ ಏಪ್ರಿಲ್ 1ಕ್ಕೆ. 2029 ಡಿಸೆಂಬರ್ 31ರಿಂದ 2030 ಜನವರಿ 1ಕ್ಕೆ. 2038 ಜನವರಿ 19ರ ಬೆಳಗ್ಗೆ. ಅಧಿಕ ವರ್ಷವನ್ನು ಹಗುರವಾಗಿ ನೋಡಬೇಡಿ. 2024 ಫೆಬ್ರವರಿ 29ರಂದು ನ್ಯೂಜಿಲೆಂಡಿನಲ್ಲಿ ಪೆಟ್ರೋಲ್ ಬಂಕ್‌ಗಳ ಸೆಲ್ಫ್ ಸರ್ವಿಸ್ ಪಂಪುಗಳು ಹಣ ತೆಗೆದುಕೊಳ್ಳದೆ ಗಂಟೆಗಟ್ಟಲೆ ನಿಂತವು.

ಸಾಮಾನ್ಯ ತಪ್ಪು ಯಾವುದೆಂದರೆ ನೇರವಾಗಿ 2038 ಫೆಬ್ರವರಿಗೆ ಇಟ್ಟು ಪ್ರೋಗ್ರಾಂ ತೆರೆದು ನೋಡುವುದು. ತೊಂದರೆ ಇರುವುದು ಗೆರೆ, ಅಂದರೆ ಆ ಗಡಿ ಸಮಯ, ದಾಟುವ ಕ್ಷಣದಲ್ಲಿ. ಅದಕ್ಕೆ ಹೀಗೆ ಮಾಡಿ.

ಗೆರೆಗೆ ಐದು ನಿಮಿಷ ಮುಂಚಿನ ಸಮಯ ಇಡಿ. ಉಳಿದವಕ್ಕೆ ರಾತ್ರಿ 11:55, 2038ಕ್ಕೆ ಮಾತ್ರ ಬೆಳಗ್ಗೆ 8:39. ಇದಕ್ಕೂ ರಾತ್ರಿ ಹನ್ನೆರಡು ದಾಟಿಸಿ "ಪಾಸ್" ಅಂದವರಿದ್ದಾರೆ. ಆ ಸೆಕೆಂಡ್ ಲಂಡನ್ನಿನ ಗಡಿಯಾರದಲ್ಲಿ ಮುಂಜಾನೆ ಮೂರೂಕಾಲು, ನಮ್ಮಲ್ಲಿ ಅಂಗಡಿ ಬಾಗಿಲು ತೆಗೆಯುವ ಹೊತ್ತು.

ಪ್ರೋಗ್ರಾಂ ತೆರೆದು ಒಂದು ಎಂಟ್ರಿ ಹಾಕಿ. ತೆರೆದಂತೆಯೇ ಬಿಟ್ಟು ಗೆರೆ ದಾಟಲಿ. ದಾಟಿದ ಮೇಲೆ ಇನ್ನೊಂದು ಎಂಟ್ರಿ ಹಾಕಿ. ಈಗ ಪೂರ್ತಿ ಶಟ್‌ಡೌನ್ ಮಾಡಿ, ವೈರ್ ಕಿತ್ತು, ಒಂದು ನಿಮಿಷ ಬಿಟ್ಟು ಆನ್ ಮಾಡಿ. ತಾರೀಖು ಉಳಿದಿದೆಯಾ ನೋಡಿ, ಮೂರನೇ ಎಂಟ್ರಿ ಹಾಕಿ. ಓಡುತ್ತಿರುವಾಗ ದಾಟುವುದೇ ಬೇರೆ, ದಾಟಿದ ಮೇಲೆ ಹೊಸದಾಗಿ ಎದ್ದೇಳುವುದೇ ಬೇರೆ. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಫೇಲ್ ಆಗುವುದು ಮಾಮೂಲು.

ಆಮೇಲೆ ಆರು ವಿಷಯ ನೋಡಿ. ಮೂರೂ ಎಂಟ್ರಿ ಇವೆಯಾ. ಪ್ರಿಂಟಿನಲ್ಲಿ ವರ್ಷ ಸರಿ ಇದೆಯಾ. ಗೆರೆಯ ಹಿಂದಿನಿಂದ ಮುಂದಿನವರೆಗೆ ಕೇಳಿದ ರಿಪೋರ್ಟಿನಲ್ಲಿ ಮೂರೂ ಬರುತ್ತವೆಯಾ. ತಾರೀಖಿನ ಕ್ರಮದಲ್ಲಿ ಜೋಡಿಸಿದರೆ ಹೊಸದು ಕೆಳಗೇ ಇದೆಯಾ, ಅಥವಾ ಮೇಲಕ್ಕೆ ಹೋಗಿ ಕೂತಿದೆಯಾ. ದಿನಗಳ ಲೆಕ್ಕದ ಬಡ್ಡಿ ಸರಿಯಾ. ಬ್ಯಾಕಪ್ ಫೈಲಿನ ಹೆಸರಿನಲ್ಲಿ ಯಾವ ವರ್ಷ ಬಂತು.

ಮೂರನೆಯದನ್ನು ಬಿಡಿಸಿ ಹೇಳುತ್ತೇನೆ. ವಿಂಡೋಸ್ ಎಕ್ಸ್‌ಪಿ ಮೇಲೆ ಓಡುವ, ಫಾಕ್ಸ್‌ಪ್ರೋ ಅನ್ನುವ ಹಳೆ ಡೇಟಾಬೇಸ್ ಭಾಷೆಯಲ್ಲಿ ಬರೆದ ವೇಬ್ರಿಡ್ಜ್ ಪ್ರೋಗ್ರಾಂ ಅಂದುಕೊಳ್ಳಿ. ಲಾರಿ ಹತ್ತಿತು, ತೂಕ ಬಂತು, ಡಾಟ್ ಮ್ಯಾಟ್ರಿಕ್ಸ್ ಕರಕರ ಅಂತ ಸ್ಲಿಪ್ ಹೊಡೆಯಿತು. ಸ್ಲಿಪ್ಪಿನಲ್ಲಿ ತಾರೀಖು 01/01/30. ಡ್ರೈವರ್ ಮಡಚಿ ಜೇಬಿಗೆ ಹಾಕಿಕೊಂಡು ಹೋದ. ಯಾರಿಗೂ ಅನುಮಾನ ಬರುವಂಥದ್ದು ಏನೂ ಇಲ್ಲ, ಅಲ್ವಾ? ಸಂಜೆ ದಿನದ ರಿಪೋರ್ಟ್ ತೆಗೆದರೆ ಆ ಲಾರಿ ಇಲ್ಲ. ಅದು 1930ರಲ್ಲಿ ಹೋಗಿ ಕೂತಿದೆ. ಫಾಕ್ಸ್‌ಪ್ರೋ ಎಂಟ್ರಿಗಳನ್ನು ಇಡುವ ಡಿಬಿಎಫ್ ಫೈಲ್ ವರ್ಷವನ್ನು ನಾಲ್ಕಂಕಿಯಲ್ಲೇ ಇಡುತ್ತದೆ, ಆ ಜಾಗಕ್ಕೆ ದೋಷವಿಲ್ಲ. ಕೀಬೋರ್ಡಿನಿಂದ ಎರಡಂಕಿ ತೆಗೆದುಕೊಂಡು 19 ಸೇರಿಸಿದ್ದು ಪ್ರೋಗ್ರಾಂ. ಹಾಗಾಗಿ ಸ್ಲಿಪ್ ನೋಡಿ ಪಾಸ್ ಅನ್ನಬೇಡಿ. ರಿಪೋರ್ಟ್ ನೋಡಿ.

ಒಂದು ತಾರೀಖು ಮುಗಿದ ಮೇಲೆ ಅದೇ ನಕಲಿನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿ ಮುಂದಿನ ಪರೀಕ್ಷೆಗೆ ಹೋಗಬೇಡಿ. ಭವಿಷ್ಯದ ಎಂಟ್ರಿಗಳು ಒಳಗೆ ಉಳಿದಿರುತ್ತವೆ, ಮುಂದಿನ ಫಲಿತಾಂಶವನ್ನು ಕೆಡಿಸುತ್ತವೆ. ಪ್ರತಿ ತಾರೀಖಿಗೂ ಹೊಸ ನಕಲು. ಬೇಸರದ ಕೆಲಸ, ನಿಜ. ರಾತ್ರಿ ಕ್ಲೋನ್ ಹಾಕಿ ಮಲಗಿ.

ಸಾಧ್ಯವಾದರೆ ಕೊನೆಗೊಮ್ಮೆ ಬೇಕಂತಲೇ ಕೆಟ್ಟ ಪರಿಸ್ಥಿತಿ ತಂದು ನೋಡಿ: ಗೆರೆ ದಾಟುವ ಹೊತ್ತಿಗೆ ಕರೆಂಟ್ ತೆಗೆಯಿರಿ. ನಮ್ಮ ಚಳ್ಳಕೆರೆ ಕಡೆಯ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇಸ್ರೋ ಮಾಡಿದ್ದೂ ಇಂಥದ್ದೇ. 2023 ಏಪ್ರಿಲ್ 2ರಂದು ಮತ್ತೆ ಮತ್ತೆ ಬಳಸಬಹುದಾದ ರೆಕ್ಕೆಯ ಉಡಾವಣಾ ವಾಹನದ ಮಾದರಿಯನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ತಾನೇ ರನ್‌ವೇಗೆ ಇಳಿಯಿತು. ಅಷ್ಟಕ್ಕೇ ಬಿಡಲಿಲ್ಲ. 2024ರಲ್ಲಿ ಎರಡು ಸಲ ರನ್‌ವೇ ನೇರದಿಂದ ಪಕ್ಕಕ್ಕೆ ಸರಿಸಿ ಬಿಟ್ಟು, ಸರಿಪಡಿಸಿಕೊಂಡು ಇಳಿಯುತ್ತದಾ ಅಂತ ನೋಡಿದರು.

ಬಯಾಸ್ (ವಿಂಡೋಸಿಗೂ ಮುಂಚೆ ಏಳುವ, ಬೋರ್ಡಿನದೇ ಸಾಫ್ಟ್‌ವೇರ್) 2038ರ ವರ್ಷವನ್ನೇ ತೆಗೆದುಕೊಳ್ಳದಿದ್ದರೆ ಒದ್ದಾಡಬೇಡಿ. ಆ ಬೋರ್ಡ್ ಬಗ್ಗೆ ಉತ್ತರ ಸಿಕ್ಕಿತು.

## ಹಂತ 6: ಆಫ್ ಆಗದೆ ಓಡುವ ಯಂತ್ರಗಳು

ಆನ್ ಆದಾಗಿನಿಂದ ಮಿಲಿಸೆಕೆಂಡ್ ಎಣಿಸುವ 32 ಬಿಟ್ ಲೆಕ್ಕ 49.7 ದಿನಕ್ಕೆ ತುಂಬುತ್ತದೆ. ಸೆಕೆಂಡಿನ ನೂರನೇ ಭಾಗ ಎಣಿಸಿದರೆ, ಒಂದು ಬಿಟ್ ಪ್ಲಸ್ ಮೈನಸ್ ಗುರುತಿಗೆ ಹೋಗಿ, 248 ದಿನಕ್ಕೆ. ಈ ಎರಡು ಅಂಕಿ ನೆನಪಿಡಿ.

2004 ಸೆಪ್ಟೆಂಬರ್ 14ರಂದು ಲಾಸ್ ಏಂಜಲಿಸ್ ಹತ್ತಿರದ ಪಾಮ್‌ಡೇಲ್ ವಿಮಾನ ನಿಯಂತ್ರಣ ಕೇಂದ್ರದ ಧ್ವನಿ ವ್ಯವಸ್ಥೆ ನಿಂತುಹೋಯಿತು. ನೂರಾರು ವಿಮಾನಗಳ ಜೊತೆ ಮಾತು ಕಡಿಯಿತು, ಕೆಲವು ಒಂದಕ್ಕೊಂದು ಅಪಾಯದಷ್ಟು ಹತ್ತಿರ ಬಂದವು. ಕಾರಣ 49.7 ದಿನದ ಎಣಿಕೆ. ದೋಷ ಮೊದಲೇ ಗೊತ್ತಿತ್ತು. 30 ದಿನಕ್ಕೊಮ್ಮೆ ರೀಸ್ಟಾರ್ಟ್ ಮಾಡಬೇಕು ಅಂತ ನಿಯಮವೂ ಇತ್ತು. ಆ ಸಲ ಅದು ತಪ್ಪಿಹೋಯಿತು. ಬ್ಯಾಕಪ್ ವ್ಯವಸ್ಥೆಯೂ ಕೈಕೊಟ್ಟಿತು.

2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಬೋಯಿಂಗ್ 787ಕ್ಕೆ ಆದೇಶ ಹೊರಡಿಸಿತು. 248 ದಿನ ಬಿಡದೆ ಕರೆಂಟ್ ಇದ್ದರೆ ಜನರೇಟರ್ ನಿಯಂತ್ರಕಗಳು ಒಟ್ಟಿಗೆ ನಿಲ್ಲುವ ಸಾಧ್ಯತೆ ಇತ್ತು. ಹಳೆ ಸಾಫ್ಟ್‌ವೇರ್ ಇದ್ದ ಏರ್‌ಬಸ್ ಎ350ಗಳಿಗೆ 149 ಗಂಟೆಯೊಳಗೆ ರೀಸೆಟ್ ಮಾಡಬೇಕು ಅಂತ ಯುರೋಪಿನ ಆದೇಶ ಇತ್ತು. ಎರಡು ಕಡೆಯೂ ತಾತ್ಕಾಲಿಕ ಪರಿಹಾರ ನಾವು ಮಾಡುವುದೇ: ಆಫ್ ಮಾಡಿ ಆನ್ ಮಾಡುವುದು. ಅವರು ಅದನ್ನು ಕೆಟ್ಟ ಮೇಲೆ ಮಾಡದೆ, ಲೆಕ್ಕ ಹಾಕಿದ ದಿನಕ್ಕೆ, ಬರೆದಿಟ್ಟು ಮಾಡುತ್ತಾರೆ.

ನೀವೂ ಹಾಗೇ ಮಾಡಿ. ಯುಪಿಎಸ್ ಮೇಲೆ ಇರುವ ಡಿವಿಆರ್, ಸರ್ವರ್, ರೂಟರ್, ಇಪಿಎಬಿಎಕ್ಸ್‌ಗಳಿಗೆ 30 ದಿನಕ್ಕೊಂದು ರೀಸ್ಟಾರ್ಟ್ ದಿನ ಗೊತ್ತು ಮಾಡಿ. ಅಮಾವಾಸ್ಯೆ ದಿನ ಮಂಡಿ ಮುಚ್ಚುವುದಾದರೆ ಅದೇ ಒಳ್ಳೆ ದಿನ, ಯಾರೂ ಮರೆಯುವುದಿಲ್ಲ. ರಿಜಿಸ್ಟರ್‌ನಲ್ಲಿ ತಾರೀಖು, ಆಫ್ ಆದ ಸಮಯ, ಆನ್ ಆದ ಸಮಯ, ಸಹಿ. ಮಾಡುವವರು ರಜೆಯಲ್ಲಿದ್ದರೆ ಇನ್ನೊಬ್ಬರು ಯಾರು ಅಂತ ಮೊದಲ ಪುಟದಲ್ಲೇ ಬರೆದಿರಲಿ. ಸರ್ವರ್ ಆದರೆ ಪ್ರೋಗ್ರಾಂ ಮುಚ್ಚಿ ಶಟ್‌ಡೌನ್ ಮಾಡಬೇಕು. ಬಟನ್ ಒತ್ತಿ ಹಿಡಿಯುವುದಲ್ಲ.

## ಹಂತ 7: ಸರಿಪಡಿಸುವುದು, ಇಲ್ಲವೇ ಬದಲಿಸುವುದು

ಮೊದಲು ಅಗ್ಗದ ರಿಪೇರಿ. ತಾರೀಖು ನಿಲ್ಲದ ಸಿಪಿಯುಗೆ ಸೆಲ್ ಬದಲಿಸಿ. ವೈರ್ ಕಿತ್ತು, ಮೈಮೇಲಿನ ಸ್ಥಿರ ವಿದ್ಯುತ್ ಹೋಗಲು ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಕೊಂಡಿಯನ್ನು ಉಗುರಿನಿಂದ ಸರಿಸಿದರೆ ಸೆಲ್ ಮೇಲೆ ಹಾರುತ್ತದೆ. ಬರಹ ಇರುವ ಪ್ಲಸ್ ಬದಿ ಮೇಲಕ್ಕೆ ಬರಬೇಕು. ತೆಗೆಯುವ ಮುಂಚೆ ಬಯಾಸ್ ಪರದೆಗಳ ಫೋಟೋ ತೆಗೆದುಕೊಳ್ಳಿ. ಡಿಸ್ಕಿನ ಸೆಟ್ಟಿಂಗ್ ಮರೆತುಹೋಗಿ ವಿಂಡೋಸ್ ಏಳದೇ ಇದ್ದರೆ ಆ ಫೋಟೋ ಬೇಕು.

ಫಾಕ್ಸ್‌ಪ್ರೋ ಪ್ರೋಗ್ರಾಂನ ಸೋರ್ಸ್ (ಬರೆದ ಮೂಲ ಕೋಡ್) ಸಿಕ್ಕರೆ ಎರಡಂಕಿ ತೊಂದರೆಗೆ ಪರಿಹಾರ ಬಹಳ ಸಲ ಚಿಕ್ಕದು: "ಸೆಟ್ ಸೆಂಚುರಿ ಆನ್" ಸಾಲು ಸೇರಿಸಿ, ತಾರೀಖಿನ ಜಾಗಗಳನ್ನು ಹತ್ತು ಅಕ್ಷರಕ್ಕೆ ಅಗಲ ಮಾಡುವುದು. ಪ್ರಿಂಟ್ ಫಾರ್ಮ್ಯಾಟ್ ಎರಡು ಅಕ್ಷರ ಸರಿಯುತ್ತದೆ, ಅದನ್ನೂ ನೋಡಿ. ಸೋರ್ಸ್ ಇಲ್ಲದಿದ್ದರೆ, ಬರೆದವರು ಇನ್ನೂ ಸಿಗುತ್ತಿರುವಾಗಲೇ ಕೇಳಿ ತೆಗೆದಿಟ್ಟುಕೊಳ್ಳಿ. ಹಣ ಕೇಳಿದರೂ ಕೊಡಿ ಅನ್ನುವುದು ನನ್ನ ಅಭಿಪ್ರಾಯ.

ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ ಇದ್ದರೆ 64 ಬಿಟ್ ವಿಂಡೋಸ್ ಅದನ್ನು ಓಡಿಸುವುದಿಲ್ಲ. ಹೊಸ ಕಂಪ್ಯೂಟರ್ ತಂದ ಮೇಲೆ ಇದು ಗೊತ್ತಾಗಿ ಕೂತವರು ಬಹಳ. ಹಳೆ ಡಾಸ್ ಪ್ರೋಗ್ರಾಂಗಳನ್ನು ಓಡಿಸಿಕೊಡುವ ಡಾಸ್‌ಬಾಕ್ಸ್‌ ಸಾಫ್ಟ್‌ವೇರ್‌ನಲ್ಲಿ ಓಡಿಸಬಹುದು, ಆದರೆ ಡಾಟ್ ಮ್ಯಾಟ್ರಿಕ್ಸ್‌ಗೆ ಪ್ರಿಂಟ್ ಹೋಗುತ್ತದಾ ಅಂತ ಕೊಳ್ಳುವ ಮುಂಚೆ ನೋಡಿ.

ಡಿವಿಆರ್, ಟ್ರ್ಯಾಕರ್, ಬೆರಳಚ್ಚು ಯಂತ್ರಗಳಿಗೆ ಕಂಪನಿಯಿಂದ ಹೊಸ ಫರ್ಮ್‌ವೇರ್ (ಯಂತ್ರದೊಳಗಿನ ಸಾಫ್ಟ್‌ವೇರ್) ಇದ್ದರೆ ಹಾಕಿಸಿ, ಇಲ್ಲದಿದ್ದರೆ ಬದಲಿಸಿ. ಅವುಗಳ ಮೇಲೆ ಸಮಯ ಕಳೆಯುವುದು ಲಾಭವಿಲ್ಲ. ವಿಂಡೋಸ್ 7ಕ್ಕೆ ಬೆಂಬಲ 2020 ಜನವರಿಗೆ, ವಿಂಡೋಸ್ 10ಕ್ಕೆ 2025 ಅಕ್ಟೋಬರಿಗೆ ನಿಂತಿದೆ. ಅಂಥ ಮೆಷಿನ್ ಲಾರಿ ತೂಗುವುದಕ್ಕೆ ಮಾತ್ರ ಬೇಕಿದ್ದರೆ ಇರಲಿ, ಇಂಟರ್‌ನೆಟ್ ಕೇಬಲ್ ಮಾತ್ರ ಬೇಡ.

ಯಾವ ರಿಪೇರಿ ಆದ ಮೇಲೂ ಐದನೇ ಹಂತ ಮೊದಲಿನಿಂದ. ಒಂದು ಸಾಲು ತಿದ್ದಿದರೂ ಅಷ್ಟೇ.

## ಹಂತ 8: ಕಂಪ್ಯೂಟರ್ ಇಲ್ಲದೆ ಒಂದು ದಿನ

2007 ಫೆಬ್ರವರಿಯಲ್ಲಿ ಹವಾಯಿಯಿಂದ ಜಪಾನಿಗೆ ಹೊರಟ ಎಫ್-22 ಯುದ್ಧವಿಮಾನಗಳು ಅಂತಾರಾಷ್ಟ್ರೀಯ ದಿನಾಂಕ ರೇಖೆ ದಾಟುವಾಗ ಅವುಗಳ ದಿಕ್ಕು ತೋರಿಸುವ ಕಂಪ್ಯೂಟರ್ ಕೈಕೊಟ್ಟಿತು. ಜೊತೆಗಿದ್ದ ಇಂಧನ ವಿಮಾನಗಳನ್ನು ಕಣ್ಣಿಂದ ನೋಡುತ್ತಾ ಹಿಂಬಾಲಿಸಿ ಹವಾಯಿಗೆ ವಾಪಸ್ ಬಂದವು. ಜೊತೆಗೆ ಯಾರೂ ಇಲ್ಲದಿದ್ದರೆ ಏನಾಗುತ್ತಿತ್ತೋ.

ನಿಮ್ಮ ಇಂಧನ ವಿಮಾನ ಅಂದರೆ ನಂಬರ್ ಹೊಡೆಸಿದ ಕೈಬರಹದ ಸ್ಲಿಪ್ ಬುಕ್, ಹಿಂದಿನ ದಿನದ ಪಾರ್ಟಿವಾರು ಬಾಕಿಯ ಪ್ರಿಂಟ್, ಮತ್ತು ಕ್ಯಾಲ್ಕುಲೇಟರಿನಲ್ಲಿ ಬಿಲ್ ಕಟ್ಟಬಲ್ಲ ಒಬ್ಬರು. ವರ್ಷಕ್ಕೊಮ್ಮೆ ಅರ್ಧ ದಿನ ಕಂಪ್ಯೂಟರ್ ಆಫ್ ಮಾಡಿ ಹೀಗೇ ನಡೆಸಿ. ಸಂಜೆ ಆ ಸ್ಲಿಪ್‌ಗಳನ್ನು ಸಿಸ್ಟಮ್ಮಿಗೆ ಹತ್ತಿಸುವಾಗ ಹಳೆ ತಾರೀಖಿಗೆ ಎಂಟ್ರಿ ಬಿಡುತ್ತದಾ ಅನ್ನುವುದೂ ಆಗ ಗೊತ್ತಾಗುತ್ತದೆ.

## ಈ ಗುರುತು ಕಂಡರೆ ತಡ ಮಾಡಬೇಡಿ

ಬೆಳಗ್ಗೆ ಆನ್ ಮಾಡಿದಾಗ ಎಫ್1 ಒತ್ತಿ ಅಂತ ಕೇಳುವುದು, ಅಥವಾ ತಾರೀಖು ತುಂಬಾ ಹಿಂದಿನದಾಗಿರುವುದು: ಸೆಲ್ ಮುಗಿದಿದೆ. ಒಳ್ಳೆಯ ಸೈಟ್‌ಗಳೆಲ್ಲ "ಸುರಕ್ಷಿತವಲ್ಲ" ಅನ್ನುವುದು, ಡಿಜಿಟಲ್ ಸಹಿ ತಗೊಳ್ಳದಿರುವುದು: ಮೊದಲು ಮೂಲೆಯ ಗಡಿಯಾರದಲ್ಲಿ ವರ್ಷ ನೋಡಿ, ಆಮೇಲೆ ಬೇರೆಯವರನ್ನು ಬೈಯಿರಿ.

ಟ್ರ್ಯಾಕರ್ ರಿಪೋರ್ಟ್‌ನಲ್ಲಿ ಲಾರಿ ಇರುವ ಜಾಗ ಸರಿ, ಆದರೆ ವರ್ಷ ಹತ್ತೊಂಬತ್ತು ಇಪ್ಪತ್ತು ವರ್ಷ ಹಿಂದಿನದು: ವಾರದ ಎಣಿಕೆ. ಡಿವಿಆರ್ ಸುಮಾರು ಒಂದೂವರೆ ತಿಂಗಳಿಗೊಮ್ಮೆ ತಾನಾಗೇ ಹ್ಯಾಂಗ್ ಆಗಿ ನಿಲ್ಲುವುದು: 49.7 ದಿನದ ಅನುಮಾನ, ರಿಜಿಸ್ಟರ್ ತೆಗೆದು ತಾರೀಖು ಕಳೆದು ನೋಡಿ.

ಬಿಲ್ ಹಾಕಿದ್ದು ನೆನಪಿದೆ, ರಿಪೋರ್ಟಿನಲ್ಲಿ ಇಲ್ಲ ಅಂತ ಗುಮಾಸ್ತರು ಹೇಳಿದರೆ "ಸರಿಯಾಗಿ ನೋಡ್ರಿ" ಅಂತ ಸುಮ್ನೆ ಕಳಿಸಬೇಡಿ. ಆ ಕ್ಷಣವೇ ಹೊಸ ಎಂಟ್ರಿ ನಿಲ್ಲಿಸಿ, ಸ್ಲಿಪ್ ಬುಕ್ ತೆಗೆಯಿಸಿ, ಆಮೇಲೆ 1900ರಿಂದ 1999ರವರೆಗಿನ ರಿಪೋರ್ಟ್ ಕೇಳಿ. ಕಳೆದ ಬಿಲ್ ಹೆಚ್ಚಾಗಿ ಅಲ್ಲೇ ಸಿಗುತ್ತದೆ.